ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್: ಮೊದಲು ಆರ್‌ಸಿ ನೋಡಿ, ಆಮೇಲೆ ಹೌಸಿಂಗ್, ಎಂಜಿನ್ ಕೊನೆಗೆ ನೋಡಿದ್ರೂ ಸಾಕು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಆದೂರು ಈ ಸುತ್ತಿನಲ್ಲಿ ಅಡಿಕೆ ತೋಟ ಇರುವವರ ಮನೆಯಂಗಳದಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಹಳೇ ಪೆಟ್ರೋಲ್ ಜೀಪು ಸಿಗ್ತದೆ. ಹಿಂದಿನ ಸೀಟು ಕಿತ್ತು, ಅಡಿಗೆ ಶೀಟ್ ಹೊಡೆದು, ಗೊಬ್ಬರ ಸೊಪ್ಪು ಅಡಿಕೆ ಮೂಟೆ ಎಲ್ಲ ಹೇರುವ ಪಿಕಪ್ ಮಾಡಿಕೊಂಡ ಜೀಪು ಅದು. ಬಾಡಿ ಗಟ್ಟಿ, ಫೋರ್‌ವೀಲ್ ಕೆಲಸ ಮಾಡ್ತದೆ, ಆದ್ರೆ ಪೆಟ್ರೋಲ್ ಕುಡಿಯೋದು ನೋಡಿದ್ರೆ ಯಜಮಾನನಿಗೆ ನಿದ್ದೆ ಬರೋದಿಲ್ಲ. ಆಗ ಯಾರಾದ್ರೂ ಒಬ್ರು ಹೇಳ್ತಾರೆ, "ಒಂದು ಡೀಸೆಲ್ ಎಂಜಿನ್ ಹಾಕಿ ಮಾರಾಯ್ರೆ, ಗುಜರಿಯಲ್ಲಿ ಸಿಗ್ತದೆ, ನಾಲ್ಕು ಬೋಲ್ಟಿನ ಕೆಲಸ."

ನಾಲ್ಕು ಬೋಲ್ಟಿನ ಕೆಲಸ ಅಲ್ಲ. ಎಂಜಿನ್ ಸಿಗೋದು ಇದ್ರಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಅದನ್ನು ಹಿಂದಿನ ಗೇರ್‌ಬಾಕ್ಸಿಗೆ, ಕೆಳಗಿನ ಆಕ್ಸಲಿಗೆ, ಮುಂದಿನ ಲೀಫ್ ಸ್ಪ್ರಿಂಗಿನ ಪ್ಲೇಟಿಗೆ, ಕಿಸೆಯಲ್ಲಿರುವ ಆರ್‌ಸಿಗೆ ಹೊಂದಿಸೋದೇ ನಿಜವಾದ ಕೆಲಸ, ದುಡ್ಡು ಹೋಗೋದೂ ಅಲ್ಲೇ.

ಆರ್‌ಸಿಯಿಂದ ಶುರು ಮಾಡುವ. ಇದನ್ನು ಎಲ್ಲರೂ ಕೊನೆಗೆ ಇಟ್ಕೊಳ್ತಾರೆ, ಎಂಜಿನ್ ಕೂರಿಸಿ ಬಣ್ಣ ಹೊಡೆದ ಮೇಲೆ "ಇನ್ನು ಆರ್‌ಟಿಓ ಕೆಲಸ ಒಂದು ಬಾಕಿ" ಅಂತ. ಒಂದು ಕಾಲದಲ್ಲಿ ಅದು ನಡೀತಿತ್ತು. ಪೆಟ್ರೋಲ್ ಜೀಪಿಗೆ ಡೀಸೆಲ್ ಹಾಕಿಸಿ ಆರ್‌ಸಿಯಲ್ಲಿ ಬರೆಸಿಕೊಂಡ ಗಾಡಿಗಳು ಈಗಲೂ ಓಡ್ತಾ ಉಂಟು, ಅದಕ್ಕೆ ತೊಂದರೆ ಇಲ್ಲ. ಆದ್ರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ 2000ದಲ್ಲಿ ಬದಲಾಯ್ತು. ಕಂಪೆನಿ ಕೊಟ್ಟ ವಿವರ ಒಂದು, ಆರ್‌ಸಿಯಲ್ಲಿ ಇರೋದು ಇನ್ನೊಂದು ಅಂತ ಆಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಅಂತ ಅದರಲ್ಲಿ ನೇರವಾಗಿ ಉಂಟು. ಬೇರೆ ಇಂಧನಕ್ಕೆ ಬದಲಾಯಿಸಲಿಕ್ಕೆ ಒಂದು ದಾರಿ ಇಟ್ಟಿದ್ದಾರೆ, ಅದು ಕನ್ವರ್ಷನ್ ಕಿಟ್ಟಿನ ದಾರಿ: ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಅಂಥದ್ದು, ಅದೂ ನಿಯಮ ಹೇಳಿದ ಹಾಗೆ. ಗುಜರಿಯಿಂದ ತಂದ ಡೀಸೆಲ್ ಎಂಜಿನ್ನು ಕಿಟ್ ಅಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಸೆಕ್ಷನ್ನಿನ ಮೇಲೆಯೇ ತೀರ್ಪು ಕೊಟ್ಟಿತು, ಅದು ಕೇರಳದಿಂದ ಹೋದ ಕೇಸೇ, ಇಲ್ಲಿನ ಹೈಕೋರ್ಟು ಸ್ವಲ್ಪ ಸಡಿಲ ಬಿಟ್ಟಿದ್ದನ್ನು ತೆಗೆದು ಹಾಕಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೇರಿತು: ಒಪ್ಪಿಗೆ ಇಲ್ಲದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ.

ದಂಡಕ್ಕಿಂತ ನನಗೆ ಹೆದರಿಕೆ ಇನ್ಶೂರೆನ್ಸಿದ್ದು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಎತ್ತಿದ್ರೆ ಡೀಸೆಲ್, ಎಂಜಿನ್ ನಂಬರ್ ತಾಳೆ ಇಲ್ಲ. ಯಾರಿಗಾದ್ರೂ ಪೆಟ್ಟಾದ ದಿನ ಕ್ಲೇಮಿಗೆ ಹೋದ್ರೆ ಅವರಿಗೆ ಬೇಡ ಅನ್ನಲಿಕ್ಕೆ ಬೇಕಾದ್ದನ್ನು ನಾವೇ ಕೈಗೆ ಕೊಟ್ಟ ಹಾಗೆ.

ನಮ್ಮಂಥ ಗಡಿಯವರಿಗೆ ಇದ್ರಲ್ಲಿ ಇನ್ನೊಂದು ಸಿಕ್ಕು ಉಂಟು. ಪುತ್ತೂರು, ಸುಳ್ಯ, ವಿಟ್ಲ ಕಡೆಯಿಂದ ಕೆಎ 19, ಕೆಎ 21 ನಂಬರಿನ ಜೀಪು ತರ್ತೇವೆ, ಎನ್‌ಒಸಿ ತಂದು ಕಾಸರಗೋಡಿನ ಕೆಎಲ್ 14ಕ್ಕೆ ಬದಲಿಸಬೇಕು. ಆಗ ಗಾಡಿಯನ್ನು ಕಣ್ಣಾರೆ ನೋಡ್ತಾರೆ, ಚಾಸಿಸ್ ನಂಬರ್ ಎಂಜಿನ್ ನಂಬರ್ ಉಜ್ಜಿ ನೋಡ್ತಾರೆ. ಆ ಕಡೆ ಮೂವತ್ತು ವರ್ಷ ಯಾರೂ ಕೇಳದೆ ಓಡಿದ ಡೀಸೆಲ್ಲು ಈ ಕಡೆ ಬರುವಾಗ ಸಿಕ್ಕಿ ಬೀಳೋದು ಹಾಗೆ. ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ, ರಸ್ತೆಗೆ ಇಳಿಸುವ ಗಾಡಿ ಆದ್ರೆ ಮೊದಲು ಆರ್‌ಟಿಓಗೆ ಹೋಗಿ ನಿಮ್ಮ ಗಾಡಿಯ ಆರ್‌ಸಿ ತೋರಿಸಿ, ಬಾಯಲ್ಲಿ ಹೇಳಿದ್ದು ಸಾಕಾಗೋದಿಲ್ಲ, ಬರಹದಲ್ಲಿ ಅನುಮತಿ ಕೊಡ್ತಾರಾ ಕೇಳಿ. ಕೊಡೋದಿಲ್ಲ ಅಂದ್ರೆ ಆ ದುಡ್ಡಿಗೆ ಡೀಸೆಲ್ ಅಂತಲೇ ಆರ್‌ಸಿ ಇರುವ ಜೀಪು ತಗೊಳ್ಳೋದು ವಾಸಿ. ಹಾಗಾದ್ರೆ ಮುಂದೆ ಯಾಕೆ ಓದ್ಬೇಕು ಅಂದ್ರೆ, ಮೊದಲೇ ಬದಲಿಸಿ ಆರ್‌ಸಿಗೆ ಸೇರಿಸಿದ ಗಾಡಿ ಇಲ್ಲಿ ಬೇಕಾದಷ್ಟು ಮಾರಾಟಕ್ಕೆ ಬರ್ತದೆ, ಅದನ್ನು ತಗೊಳ್ಳುವಾಗ ಅಥವಾ ರಿಪೇರಿ ಮಾಡಿಸುವಾಗ ಒಳಗೆ ಎಂತ ಮಾಡಿದ್ದಾರೆ ಅಂತ ಗೊತ್ತಿರಬೇಕು.

ಈಗ ಎಂಜಿನ್ನಿಗೆ ಬರುವ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲ್ ಬೆರೆಸಿ ಒಳಗೆ ಎಳೆದು, ಒತ್ತಿ, ಪ್ಲಗ್ಗಿನಿಂದ ಕಿಡಿ ಕೊಟ್ಟು ಉರಿಸೋದು. ಡೀಸೆಲ್ಲಿನಲ್ಲಿ ಬರೀ ಗಾಳಿಯನ್ನು ಎಳೆದು ವಿಪರೀತ ಒತ್ತೋದು, ಒತ್ತಿದ ಗಾಳಿ ಎಷ್ಟು ಬಿಸಿ ಆಗ್ತದೆ ಅಂದ್ರೆ ಅದಕ್ಕೆ ನಾಝಲಿನಿಂದ ಡೀಸೆಲ್ ಚಿಮ್ಮಿಸಿದ ಕೂಡಲೇ ತನ್ನಷ್ಟಕ್ಕೇ ಹತ್ತಿಕೊಳ್ತದೆ. ಹಳೇ ಜೀಪಿನ ಪೆಟ್ರೋಲ್ ಎಂಜಿನ್ ಗಾಳಿಯನ್ನು ಏಳು ಪಾಲು ಒತ್ತಿ ಒಂದು ಪಾಲು ಮಾಡ್ತದೆ, ಡೀಸೆಲ್ ಹದಿನಾರರಿಂದ ಇಪ್ಪತ್ತೆರಡು ಪಾಲನ್ನು ಒಂದು ಮಾಡ್ತದೆ. ಮುಂದೆ ಬರುವ ತಾಪತ್ರಯಗಳು ಹೆಚ್ಚುಕಡಿಮೆ ಎಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟೋದು: ಒತ್ತಡ ತಡೀಲಿಕ್ಕೆ ಬ್ಲಾಕ್ ದಪ್ಪ, ಅದಕ್ಕೆ ಭಾರ, ಭಾರದ ಪಿಸ್ಟನ್ ಜೋರಾಗಿ ಓಡಲಾರದು, ಅದಕ್ಕೆ ಆರ್‌ಪಿಎಂ ಕಡಿಮೆ, ಒಂದೊಂದು ಹೊಡೆತ ಜೋರು, ಅದಕ್ಕೆ ನಡುಕ.

ಡೀಸೆಲ್ ಅಂದ್ರೆ ಎಳೆತ ಜಾಸ್ತಿ ಅಂತ ಒಂದು ನಂಬಿಕೆ ಉಂಟಲ್ಲ, ಅದು ಯಾವಾಗಲೂ ನಿಜ ಅಲ್ಲ. ಮಹೀಂದ್ರದ ಹಳೇ ಜೀಪು ಸಿಜೆ 3ಬಿಯಲ್ಲಿ ಬರ್ತಿದ್ದ ಹರಿಕೇನ್ ಎಫ್4-134 ಪೆಟ್ರೋಲ್ ಎಂಜಿನ್ 2.2 ಲೀಟರಿದ್ದು, ಸುಮಾರು 75 ಎಚ್‌ಪಿ, 2,000 ಆರ್‌ಪಿಎಂಗೆ ಸುಮಾರು 155 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಎಳೆತದ ಅಳತೆ. ಆಮೇಲೆ ಮಹೀಂದ್ರದ್ದೇ ಎಂಎಂ 540 ಜೀಪಿನಲ್ಲಿ ಬಂದ ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ 2,112 ಸಿಸಿ, 62 ಎಚ್‌ಪಿ, ಟಾರ್ಕ್ 120ರ ಆಸುಪಾಸು. ಎರಡರಲ್ಲೂ ಡೀಸೆಲ್ಲೇ ಕಡಿಮೆ! ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಇಲ್ಲದ ಹಳೇ ಡೀಸೆಲ್ಲಿನ ಹಣೆಬರಹ ಅದು. ಜನ ಪ್ಯೂಜೊ ಹಾಕಿಸಿದ್ದು ಎಳೆತಕ್ಕಲ್ಲ, ಮೈಲೇಜಿಗೆ. ಎಳೆತ ಬೇಕಾದವರು ಟ್ರ್ಯಾಕ್ಟರ್ ಮೂಲದ ಮಹೀಂದ್ರ ಡಿಐ ಕಡೆ ಹೋದ್ರು, ಅದು 2,523 ಸಿಸಿ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಉದ್ದ, ಆಮೆಯ ಹಾಗೆ ನಿಧಾನ ಆದ್ರೂ ಕೆಳಗಿನ ಆರ್‌ಪಿಎಂನಲ್ಲಿ ಬಿಡದೆ ಎಳೀತದೆ. ಅದೇ ಅಳತೆಯ ಎಂಜಿನ್ನಿಗೆ ಟರ್ಬೊ, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕ್ರಮ) ಸೇರಿದ ಮೇಲೆ ಬೊಲೆರೊ ಪಿಕಪ್ಪಿನಲ್ಲಿ ಸುಮಾರು 200 ನ್ಯೂಟನ್ ಮೀಟರ್ ಬರ್ತದೆ. ಹಾಗಾಗಿ "ಡೀಸೆಲ್ ಹಾಕಿದ್ದೇವೆ" ಅಂತ ಹೇಳಿದ್ರೆ ಸಾಲದು, ಯಾವ ಡೀಸೆಲ್ ಅಂತ ಕೇಳ್ಬೇಕು.

ಇನ್ನು ಹೌಸಿಂಗ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಗಂಟೆ ಆಕಾರದ ಎರಕದ ಭಾಗ. ಒಂದು ಕಂಪೆನಿಯ ಎಂಜಿನ್ನಿನ ಹಿಂಬದಿಯ ಬೋಲ್ಟ್ ತೂತುಗಳು ಇನ್ನೊಂದರ ಹೌಸಿಂಗಿಗೆ ಕೂರೋದಿಲ್ಲ. ಆಗ ಲೇತಿನಲ್ಲಿ ಒಂದು ದಪ್ಪ ಪ್ಲೇಟ್ ಮಾಡಿಸ್ತಾರೆ, ಒಂದು ಬದಿ ಎಂಜಿನ್ನಿನ ತೂತು, ಇನ್ನೊಂದು ಬದಿ ಹೌಸಿಂಗಿನ ತೂತು. ಕೇಳಲಿಕ್ಕೆ ಸುಲಭ. ಗೇರ್‌ಬಾಕ್ಸಿನಿಂದ ಮುಂದೆ ಬರುವ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲಿನ ಒಳಗಿಂದ ತೂರಿ ಹೋಗಿ, ಅದರ ಸಣ್ಣ ಮೂಗು ಕ್ರ್ಯಾಂಕ್ ಶಾಫ್ಟಿನ (ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡ) ತುದಿಯಲ್ಲಿರುವ ಚಿಕ್ಕ ಬೇರಿಂಗಿನ ಒಳಗೆ ಕೂರ್ಬೇಕು. ನೀವು 20 ಮಿಲಿಮೀಟರ್ ದಪ್ಪದ ಪ್ಲೇಟ್ ನಡುವೆ ಹಾಕಿದ್ರೆ ಗೇರ್‌ಬಾಕ್ಸ್ ಪೂರ್ತಿ 20 ಮಿಲಿಮೀಟರ್ ಹಿಂದೆ ಹೋಯ್ತು, ಆ ಮೂಗು ಬೇರಿಂಗಿಗೆ ಮುಟ್ಟೋದೇ ಇಲ್ಲ, ಅಥವಾ ತುದಿ ಮಾತ್ರ ಮುಟ್ಟಿ ಕೆಲವು ತಿಂಗಳಲ್ಲಿ ತಿಂದು ಹೋಗ್ತದೆ. ಅದಕ್ಕೆ ಬೇರಿಂಗಿಗೆ ಉದ್ದದ ಬುಷ್ ಮಾಡಿಸ್ಬೇಕು, ಇಲ್ಲಾ ಪ್ಲೇಟನ್ನು ತೆಳು ಮಾಡಿ ಹೌಸಿಂಗನ್ನೇ ಕೊರೆಸ್ಬೇಕು.

ಅದಕ್ಕಿಂತ ದೊಡ್ಡದು ನಡು ಹೊಂದಿಸೋದು. ಕ್ರ್ಯಾಂಕಿನ ನಡುವೂ ಇನ್‌ಪುಟ್ ಶಾಫ್ಟಿನ ನಡುವೂ ಒಂದೇ ಗೆರೆಯಲ್ಲಿ ಇರ್ಬೇಕು, ತಪ್ಪು ಒಂದು ಕಾಗದದ ದಪ್ಪಕ್ಕಿಂತ, ಅಂದ್ರೆ 0.1 ಮಿಲಿಮೀಟರಿಗಿಂತ ಹೆಚ್ಚು ದಾಟಬಾರದು. ಇದನ್ನು ನೋಡುವ ಕ್ರಮ ಹೀಗೆ: ಗೇರ್‌ಬಾಕ್ಸ್ ಇಳಿಸಿ ಇಡೋದು, ಹೌಸಿಂಗ್ ಮಾತ್ರ ಎಂಜಿನ್ನಿಗೆ ಬಿಗಿಯೋದು, ಫ್ಲೈವೀಲಿಗೆ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಮ್ಯಾಗ್ನೆಟಿನ ಸ್ಟ್ಯಾಂಡ್ ಅಂಟಿಸಿ ಡಯಲ್ ಗೇಜಿನ (ಸ್ವಲ್ಪ ಸರಿದ್ರೂ ಸೂಜಿಯಲ್ಲಿ ತೋರಿಸುವ ಮಾಪಕ) ಮುಳ್ಳನ್ನು ಹೌಸಿಂಗಿನ ನಡುವಿನ ದೊಡ್ಡ ತೂತಿನ ಒಳ ಅಂಚಿಗೆ ತಾಗಿಸಿ ಇಡೋದು. ಆಮೇಲೆ ಮುಂದಿನ ಪುಲ್ಲಿಯಲ್ಲಿ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲಿ ನಿಧಾನ ಒಂದು ಸುತ್ತು ತಿರುಗಿಸೋದು. ಸೂಜಿ ಒಂದೇ ಕಡೆ ನಿಂತ್ರೆ ನಡು ಸರಿ ಉಂಟು. ಮೇಲೆ ಹೋಗುವಾಗ ಒಂದು ಕಡೆ, ಕೆಳಗೆ ಬರುವಾಗ ಇನ್ನೊಂದು ಕಡೆ ಓಡಿದ್ರೆ, ಓಡಿದ್ದರ ಅರ್ಧದಷ್ಟು ಹೌಸಿಂಗ್ ಪಕ್ಕಕ್ಕೆ ಸರಿದಿದೆ ಅಂತ ಲೆಕ್ಕ. ಸರಿ ಮಾಡಿ, ಮತ್ತೆ ಸರಿಯದ ಹಾಗೆ ಹಿಡಿಯುವ ಡೋವೆಲ್ ಪಿನ್ ಹೊಡೆದು, ಇನ್ನೊಮ್ಮೆ ತಿರುಗಿಸಿ ನೋಡೋದು. ಹೆಚ್ಚಿನ ಕಡೆ ಇದನ್ನು ಮಾಡೋದೇ ಇಲ್ಲ, "ಬೋಲ್ಟ್ ಕೂತಿತಲ್ಲ" ಅಂತ ಬಿಡ್ತಾರೆ. ಆಮೇಲೆ ಕ್ಲಚ್ ಪ್ಲೇಟಿನ ನಡು ಹರಿದು ಹೋಗ್ತದೆ, ಟಾಪ್ ಗೇರ್ ತಾನಾಗಿ ಹಾರ್ತದೆ, ಕ್ಲಚ್ ಒತ್ತಿದಾಗ ಕರಕರ ಶಬ್ದ ಬರ್ತದೆ, ಎಲ್ಲರೂ ಗೇರ್‌ಬಾಕ್ಸನ್ನು ಬೈತಾರೆ.

ಫ್ಲೈವೀಲ್ ಡೀಸೆಲಿದ್ದೇ ಇರ್ಲಿ. ಅದು ಭಾರ ಇರೋದು ಸುಮ್ಮನೆ ಅಲ್ಲ, ನಿಧಾನ ತಿರುಗುವ ಎಂಜಿನ್ನಿನ ಹೊಡೆತದ ನಡುವಿನ ಸಂದನ್ನು ತುಂಬಿಸೋದು ಅದು, ಮತ್ತೆ ಅದರ ಹಲ್ಲಿನ ರಿಂಗಿಗೆ ಡೀಸೆಲ್ಲಿನ ಸೆಲ್ಫೇ ಕೂರ್ತದೆ. ಕ್ಲಚ್ ಪ್ಲೇಟ್ ಮಾತ್ರ ಬೆರಕೆ: ಹೊರಗಿನ ಅಳತೆ ಡೀಸೆಲ್ ಫ್ಲೈವೀಲಿಗೆ, ನಡುವಿನ ಹಲ್ಲು ಹಳೇ ಗೇರ್‌ಬಾಕ್ಸಿಗೆ. ಒಂದರ ನಡುವನ್ನು ಕಿತ್ತು ಇನ್ನೊಂದಕ್ಕೆ ರಿವೆಟ್ ಹೊಡೆದು ಕೊಡುವವರು ಇದ್ದಾರೆ, ಆದ್ರೆ ಅಂಥ ಪ್ಲೇಟ್ ದಾರಿಯಲ್ಲಿ ಕೈಕೊಟ್ರೆ ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಯಾವುದರ ಯಾವ ಭಾಗ ಹಾಕಿದ್ದಾರೆ ಅಂತ ಒಂದು ಚೀಟಿಯಲ್ಲಿ ಬರೆದು ಗಾಡಿಯಲ್ಲೇ ಇಟ್ಕೊಳ್ಳಿ.

ಈ ತಲೆನೋವಿಗೆಲ್ಲ ಒಂದೇ ಮದ್ದು, ಎಂಜಿನ್ ಮಾತ್ರ ತರೋದು ಬೇಡ. ಎಂಜಿನ್, ಹೌಸಿಂಗ್, ಗೇರ್‌ಬಾಕ್ಸ್, ಆಗೋದಾದ್ರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸಮೇತ ಒಂದೇ ಗಾಡಿಯಿಂದ ಇಳಿಸಿದ್ದು ತನ್ನಿ. ಹಳೇ ಸಿಜೆಯ ಮೂರು ಗೇರಿನ ಟಿ 90 ಪೆಟ್ಟಿಗೆ ಪೆಟ್ರೋಲಿಗೆ ಅಂತ ಮಾಡಿದ್ದು, ಡೀಸೆಲ್ಲಿನ ಗುದ್ದು ತಿನ್ನಲಿಕ್ಕೆ ಅಲ್ಲ. ಎಂಎಂ 540ಯ ನಾಲ್ಕು ಗೇರಿನ ಪೆಟ್ಟಿಗೆ ಎಂಜಿನ್ನಿನ ಜೊತೆಗೇ ಬಂದ್ರೆ ಅಡಾಪ್ಟರ್ ಪ್ಲೇಟ್ ಬೇಡ, ಬೆರಕೆ ಕ್ಲಚ್ ಬೇಡ, ಡಯಲ್ ಗೇಜ್ ಬೇಡ. ಆಕ್ಸಲಿಗೆ ಹೋಗುವ ಉದ್ದದ ದಂಡ, ಅಂದ್ರೆ ಮುಂದಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡನ್ನೂ ಅಳತೆಗೆ ಕಡಿಸಿ ಬ್ಯಾಲೆನ್ಸ್ ಮಾಡಿಸಿದ್ರೆ ಮತ್ತೆ ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿದ್ರೆ ಆಯ್ತು. ಕೊಡುವಾಗ ಸ್ವಲ್ಪ ಜಾಸ್ತಿ ಕೊಟ್ಟ ಹಾಗೆ ಕಾಣ್ತದೆ, ಲೇತಿನ ಬಿಲ್ಲು ನೋಡಿದ ಮೇಲೆ ಹಾಗೆ ಕಾಣೋದಿಲ್ಲ.

ಗೇರ್‌ಬಾಕ್ಸಿನ ನಂತರ ಆಕ್ಸಲ್, ಇದನ್ನು ಯಾರೂ ಯೋಚನೆಯೇ ಮಾಡೋದಿಲ್ಲ. ಸಿಜೆ 3ಬಿಯ ಕ್ರೌನ್ ಪಿನಿಯನ್ (ಆಕ್ಸಲಿನ ಒಳಗಿನ ಹಲ್ಲಿನ ಚಕ್ರದ ಜೋಡಿ) ರೇಶಿಯೋ 5.38, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗ. 16 ಇಂಚು ರಿಮ್ಮಿನ ಟಯರ್ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗ್ತದೆ ಅಂತ ಇಟ್ಟು ಲೆಕ್ಕ ಹಾಕಿ. ಪೆಟ್ರೋಲ್ ಎಂಜಿನ್ನನ್ನು 4,000ಕ್ಕೆ ಓಡಿಸಿದ್ರೆ ಗಂಟೆಗೆ 98 ಕಿಲೋಮೀಟರ್. ಟ್ರ್ಯಾಕ್ಟರ್ ಜಾತಿಯ ಡೀಸೆಲ್ಲಿಗೆ ಹಾಯಾಗಿ ಓಡುವ ವೇಗ 2,500, ಆಗ ಅದೇ ಆಕ್ಸಲಿನಲ್ಲಿ ಬರೋದು 61 ಮಾತ್ರ. ಅದಕ್ಕಿಂತ ಮೇಲೆ ತುಳಿದ್ರೆ ಎಂಜಿನ್ ಬೊಬ್ಬೆ ಹಾಕ್ತದೆ, ಮೈಲೇಜ್ ಹೋಗ್ತದೆ. ಕುಂಬಳೆಯಿಂದ ಮಂಗಳೂರಿಗೆ ಹೈವೇಯಲ್ಲಿ ಹೋಗುವಾಗ ಲಾರಿಯವನೂ ಹಾರ್ನ್ ಹೊಡೀತಾನೆ. ಕ್ರೌನ್ ಪಿನಿಯನ್ 4.27ಕ್ಕೆ ಬದಲಿಸಿದ್ರೆ ಅದೇ 2,500ಕ್ಕೆ 77 ಸಿಗ್ತದೆ. ಫೋರ್‌ವೀಲ್ ಆದ್ರೆ ಮುಂದಿನದೂ ಹಿಂದಿನದೂ ಎರಡನ್ನೂ ಒಟ್ಟಿಗೆ ಬದಲಿಸ್ಬೇಕು, ಒಂದು ಬದಲಿಸಿ ಒಂದು ಬಿಟ್ಟು ಗಟ್ಟಿ ರಸ್ತೆಯಲ್ಲಿ ಫೋರ್‌ವೀಲ್ ಹಾಕಿದ್ರೆ ಎರಡು ಆಕ್ಸಲ್ ಒಂದಕ್ಕೊಂದು ಜಗಳ ಮಾಡಿ ಯಾವುದಾದ್ರೂ ಒಂದು ಮುರೀತದೆ.

ಆದ್ರೆ ನಿಮ್ಮ ಜೀಪು ತೋಟ ಬಿಟ್ಟು ಪೇಟೆಗೆ ಹೋಗೋದು ವಾರಕ್ಕೊಮ್ಮೆ ಅಂತಾದ್ರೆ 5.38 ಇರ್ಲಿ ಬಿಡಿ. ರಾಣಿಪುರದ ಏರಿನಲ್ಲೋ ಮಳೆಗಾಲದ ಕೆಸರಿನ ಗುಡ್ಡದ ದಾರಿಯಲ್ಲೋ ಮೂಟೆ ಹೇರಿ ಹತ್ತುವಾಗ ಆ ರೇಶಿಯೋ ಎಷ್ಟು ಉಪಕಾರ ಅಂತ ಹತ್ತಿದವರಿಗೆ ಗೊತ್ತು.

ಭಾರದ ಬಗ್ಗೆ ಹೆಚ್ಚು ಹೇಳೋದಿಲ್ಲ. ಮುಂದಿನ ಲೀಫ್ ಪ್ಲೇಟ್ ಕುಸೀತದೆ, ಒಂದು ಪ್ಲೇಟ್ ಸೇರಿಸ್ಬೇಕು, ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ತಿರುಗಿಸೋದು ಇನ್ನೂ ಭಾರ ಆಗ್ತದೆ. ನೋಡ್ಬೇಕಾದ್ದು ಸಂಪಿನ (ಎಂಜಿನ್ನಿನ ಕೆಳಗಿನ ಆಯಿಲ್ ತೊಟ್ಟಿ) ಅಡಿ. ಫೋರ್‌ವೀಲ್ ಜೀಪಿನಲ್ಲಿ ಎಂಜಿನ್ನಿನ ಕೆಳಗೇ ಮುಂದಿನ ಆಕ್ಸಲ್ ಇರೋದು, ಗುಂಡಿಗೆ ಬಿದ್ದಾಗ ಅದು ಮೇಲೆ ಬರ್ತದೆ. ನಿಂತ ಗಾಡಿಯಲ್ಲಿ ಎರಡು ಬೆರಳು ಸಂದು ಕಂಡ್ರೆ ಸಾಲದು. ಸಂದು ಬೇಕು ಅಂತ ಎಂಜಿನ್ನನ್ನು ಮೇಲೆ ಎತ್ತಿದ್ರೆ ಬಾನೆಟ್ ಮುಚ್ಚೋದಿಲ್ಲ, ಹಿಂದೆ ಸರಿಸಿದ್ರೆ ಬಾಡಿಗೆ ತಾಗ್ತದೆ, ಮುಂದೆ ಸರಿಸಿದ್ರೆ ಫ್ಯಾನ್ ರೇಡಿಯೇಟರಿಗೆ ತಾಗ್ತದೆ. ಕೊನೆಗೆ ಸಂಪನ್ನೇ ಕಡಿದು ವೆಲ್ಡ್ ಮಾಡ್ತಾರೆ. ಆಗ ಒಳಗಿನ ಆಯಿಲ್ ಪಂಪಿನ ಜಾಲರಿ ಎಲ್ಲಿ ಉಂಟು ನೋಡಿ ಮಾಡ್ಬೇಕು, ಇಲ್ಲದಿದ್ರೆ ಏರಿನಲ್ಲಿ ಆಯಿಲ್ ಹಿಂದಕ್ಕೆ ಹೋಗಿ ಪಂಪ್ ಗಾಳಿ ಎಳೀತದೆ. ಮೌಂಟಿಂಗನ್ನು ಚಾಸಿಸಿಗೆ ನೇರ ವೆಲ್ಡ್ ಮಾಡಿ ರಬ್ಬರ್ ಇಲ್ಲದೆ ಕೂರಿಸಿದ ಗಾಡಿಯೂ ನೋಡಿದ್ದೇನೆ. ಅದರಲ್ಲಿ ಕೂತು ಪೇಟೆಗೆ ಹೋಗಿ ಬಂದ್ರೆ ಹಲ್ಲು ಅಲ್ಲಾಡ್ತದೆ, ಚಾಸಿಸ್ ಬಿರುಕು ಬಿಡ್ಲಿಕ್ಕೂ ತಡ ಇಲ್ಲ.

ಡೀಸೆಲ್ ಲೈನಿನಲ್ಲಿ ಹಳೇ ಪೆಟ್ರೋಲ್ ಜೀಪಿನಲ್ಲಿ ಇಲ್ಲದ ಒಂದು ಸಂಗತಿ ಉಂಟು, ರಿಟರ್ನ್ ಪೈಪ್. ಪಂಪ್ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಎಳ್ಕೊಂಡು ಬಾಕಿಯನ್ನು ವಾಪಸ್ ಟ್ಯಾಂಕಿಗೆ ಕಳಿಸ್ತದೆ, ನಾಝಲಿನಿಂದ ಸೋರಿದ್ದೂ ಅಲ್ಲಿಗೇ. ಹಳೇ ಕಾರ್ಬೊರೇಟರ್ ಜೀಪಿನ ಟ್ಯಾಂಕಿಗೆ ಆ ತೂತು ಇರೋದಿಲ್ಲ, ಹೊಸದಾಗಿ ಮಾಡಿಸ್ಬೇಕು. ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡೋದು ಅಂದ್ರೆ ಜೀವಕ್ಕೆ ಅಪಾಯ, ಒಳಗೆ ದ್ರವ ಖಾಲಿ ಆದ್ರೂ ಆವಿ ಇರ್ತದೆ, ಅದು ಸಿಡೀತದೆ. ಟ್ಯಾಂಕ್ ಬಿಚ್ಚಿ ಹೊರಗೆ ತಂದು ಚೆನ್ನಾಗಿ ತೊಳೆದು, ಈ ಕೆಲಸ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ, ಇಲ್ಲಾ ಡೀಸೆಲ್ ಜೀಪಿನ ಟ್ಯಾಂಕನ್ನೇ ತಂದು ಕೂರಿಸಿ, ನಾನಾದ್ರೆ ಎರಡನೆಯದ್ದೇ ಮಾಡೋದು. ಹಳೇ ಪೆಟ್ರೋಲ್ ಒಂದಿಷ್ಟು ಉಳಿದ್ರೆ ಎಂತ ಆಗ್ತದೆ ಅಂತ ಕೇಳ್ಬೇಡಿ, ಡೀಸೆಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲಿಗೆ ಆ ಜಿಡ್ಡು ಇಲ್ಲ, ಪಂಪ್ ಒಳಗೇ ಉಜ್ಜಿ ಹೋಗ್ತದೆ. ನೀರು ಬೇರೆ ಮಾಡುವ ಫಿಲ್ಟರ್ ಬೇಕೇ ಬೇಕು, ನಮ್ಮ ಮಳೆಗಾಲಕ್ಕೆ ಅದಿಲ್ಲದೆ ಆಗೋದಿಲ್ಲ.

ಎಲ್ಲ ಜೋಡಿಸಿ ಸೆಲ್ಫ್ ಹೊಡೆದ್ರೆ ಎಂಜಿನ್ ಹತ್ತೋದಿಲ್ಲ, ಲೈನಿನಲ್ಲಿ ಗಾಳಿ ತುಂಬಿದೆ. ಮೆಕ್ಯಾನಿಕ್ ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲ ಮಾಡಿ ಕೈ ಪಂಪ್ ಒತ್ತುತ್ತಾ ಹೋಗ್ತಾನೆ, ಮೊದಲು ಬುಸ್ ಅಂತ ಬರೀ ಗಾಳಿ, ಆಮೇಲೆ ನೊರೆ ನೊರೆ ಡೀಸೆಲ್, ಆಮೇಲೆ ಗುಳ್ಳೆ ಇಲ್ಲದ ಸಪೂರ ಧಾರೆ. ಆಗ ಸ್ಕ್ರೂ ಬಿಗಿದು ನಾಝಲ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಲಿಕ್ಕೆ ಹೇಳ್ತಾನೆ. ಒಂದೊಂದರ ಬುಡದಲ್ಲಿ ಡೀಸೆಲ್ ಚುಕ್ ಚುಕ್ ಅಂತ ಬಂದ ಹಾಗೆ ಒಂದೊಂದೇ ಬಿಗೀತಾನೆ. ಒಂದು ಸಿಲಿಂಡರ್ ಹತ್ತಿ ಗಾಡಿ ಪೂರ್ತಿ ಅಲ್ಲಾಡ್ತದೆ, ಎರಡನೆಯದು ಸೇರ್ತದೆ, ಮೂರು, ನಾಲ್ಕು, ಬಿಳಿ ಹೊಗೆ ಗ್ಯಾರೇಜ್ ತುಂಬ. ಆ ಹೊತ್ತಿಗೆ ನಾಝಲಿನ ಚಿಮ್ಮುವ ತುದಿಗೆ ಬೆರಳು ಹಿಡಿದು ನೋಡುವ ಬುದ್ಧಿ ಮಾತ್ರ ಬೇಡ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂತು ಮಾಡಿ ಒಳಗೆ ಹೋಗ್ತದೆ, ಬೆರಳು ಕಡೀಬೇಕಾದ ಪರಿಸ್ಥಿತಿ ಬರಬಹುದು.

ಹತ್ತಿಸಿದ ಮೇಲೆ ಆಫ್ ಮಾಡೋದು ಹೇಗೆ? ಪೆಟ್ರೋಲ್ ಗಾಡಿಯಲ್ಲಿ ಕೀ ತಿರುಗಿಸಿದ್ರೆ ಕಿಡಿ ನಿಲ್ತದೆ, ಎಂಜಿನ್ ನಿಲ್ತದೆ. ಡೀಸೆಲ್ಲಿಗೆ ಕಿಡಿಯೇ ಇಲ್ಲ, ಬ್ಯಾಟರಿ ಕಳಚಿದ್ರೂ ಹಳೇ ಪಂಪಿನ ಎಂಜಿನ್ ಓಡ್ತಾ ಇರ್ತದೆ. ಡೀಸೆಲ್ ನಿಲ್ಲಿಸುವ ಕೇಬಲ್ ಒಂದನ್ನು ಡ್ಯಾಶಿಗೆ ಎಳೀಬೇಕು, ಅಥವಾ ಪಂಪಿನಲ್ಲಿ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡುವ ನಿಲ್ಲಿಸುವ ಭಾಗ) ಇದ್ರೆ ಕೀಗೆ ವೈರ್ ಕೊಡ್ಬೇಕು. ಎಂಜಿನ್ ತೀರಾ ತೇದಿದ್ರೆ, ಇಲ್ಲಾ ಟರ್ಬೊ ಸೀಲ್ ಹೋದ್ರೆ, ತನ್ನದೇ ಆಯಿಲ್ ಕುಡಿದು ಕೈಮೀರಿ ಓಡುವುದೂ ಉಂಟು, ಆಗ ಡೀಸೆಲ್ ನಿಲ್ಲಿಸಿದ್ರೂ ನಿಲ್ಲೋದಿಲ್ಲ. ಗಾಳಿ ಎಳೆಯುವ ಬಾಯಿಯನ್ನು ಹಲಗೆಯಂಥ ಗಟ್ಟಿ ವಸ್ತು ಒತ್ತಿ ಹಿಡಿದು ಮುಚ್ಚೋದು, ಅಥವಾ ಗೇರಿನಲ್ಲಿ ಬ್ರೇಕ್ ತುಳಿದು ಕ್ಲಚ್ ಬಿಟ್ಟು ಎಂಜಿನ್ ಉಸಿರುಕಟ್ಟಿಸೋದು. ಕೈಯಿಂದ ಮುಚ್ಚಲಿಕ್ಕೆ ಹೋಗ್ಬೇಡಿ.

ಬ್ರೇಕಿನ ವಿಷಯ ಹೊಸ ಗಾಡಿಯವರಿಗೆ ಮುಖ್ಯ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲು, ಅಂದ್ರೆ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಆಗ್ತದೆ, ತುಳಿತಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್ ಆ ವ್ಯಾಕ್ಯೂಮಿನಿಂದಲೇ ಕೆಲಸ ಮಾಡೋದು. ಹೆಚ್ಚಿನ ಡೀಸೆಲ್ಲಿಗೆ ಅಂಥ ಥ್ರಾಟಲ್ ಇಲ್ಲ, ವ್ಯಾಕ್ಯೂಮೂ ಇಲ್ಲ, ಅದಕ್ಕೇ ಹೆಚ್ಚಾಗಿ ಆಲ್ಟರ್ನೇಟರಿನ ಹಿಂದೆ ಒಂದು ವ್ಯಾಕ್ಯೂಮ್ ಪಂಪ್ ಇರೋದು. ಎಂಜಿನ್ ತರುವಾಗ ಆ ಆಲ್ಟರ್ನೇಟರ್ ಬಿಟ್ಟು ಬಂದ್ರೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಆಗ್ತದೆ. ಬೂಸ್ಟರೇ ಇಲ್ಲದ ಹಳೇ ಸಿಜೆಗೆ ಈ ಚಿಂತೆ ಇಲ್ಲ, ಅದರ ಬ್ರೇಕ್ ಮೊದಲೇ ದೇವರಿಗೆ ಪ್ರೀತಿ.

ವೈರಿಂಗಿನಲ್ಲಿ ದೊಡ್ಡ ಬ್ಯಾಟರಿ, ದಪ್ಪ ಕೇಬಲ್, ಪ್ಯೂಜೊ ಥರದ್ದಕ್ಕೆ ಹೀಟರ್ ಪ್ಲಗ್ಗಿನ (ತಣ್ಣಗಿರುವ ಎಂಜಿನ್ ಹತ್ತಲಿಕ್ಕೆ ಒಳಗೆ ಬಿಸಿ ಮಾಡುವ ಪ್ಲಗ್) ರಿಲೇ. ಮರೆತು ಹೋಗೋದು ಎಂಜಿನ್ನಿನಿಂದ ಚಾಸಿಸಿಗೆ ಹಾಕುವ ಅರ್ತ್ ಪಟ್ಟಿ. ಎಂಜಿನ್ ರಬ್ಬರಿನ ಮೇಲೆ ಕೂತಿರ್ತದೆ, ಪಟ್ಟಿ ಇಲ್ಲದಿದ್ರೆ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲಿನಲ್ಲಿ ದಾರಿ ಹುಡುಕ್ತದೆ, ಕೇಬಲ್ ಕೆಂಪಗೆ ಕಾದು ಸುಟ್ಟು ಹೋಗ್ತದೆ.

ಹೊಸ ಕಾಲದ ಪೆಟ್ರೋಲ್ ಪಿಕಪ್ಪಿಗೆ ಇದನ್ನೆಲ್ಲ ಮಾಡ್ಬಹುದಾ ಅಂತ ಕೇಳುವವರು ಇದ್ದಾರೆ. ಮಾರುತಿ ಸೂಪರ್ ಕ್ಯಾರಿ 2016ರಲ್ಲಿ ಬರುವಾಗ 793 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಇತ್ತು, 2020ರ ಏಪ್ರಿಲ್ಲಿನಲ್ಲಿ ಬಿಎಸ್ 6 ಅನ್ನುವ ಹೊಗೆಯ ನಿಯಮ ಬರುವ ಹೊತ್ತಿಗೆ ಅದು ಹೋಯ್ತು, ಈಗ ಪೆಟ್ರೋಲ್ ಮತ್ತೆ ಸಿಎನ್‌ಜಿ. ಕಂಪೆನಿಯೇ ಕೈಬಿಟ್ಟ ಡೀಸೆಲ್ಲನ್ನು ತಂದು ಬಿಎಸ್ 6 ಪೆಟ್ರೋಲ್ ಗಾಡಿಗೆ ಹಾಕ್ತೇನೆ ಅಂದ್ರೆ ಹೊಗೆಯ ಮಟ್ಟದಲ್ಲಿ ಹಿಂದೆ ಹೋದ ಹಾಗೆ, ಅನುಮತಿಯ ಮಾತೇ ಬೇಡ. ಕಾಮನ್ ರೈಲ್ ಎಂಜಿನ್ ಆದ್ರಂತೂ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಕೀಯ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಬೀಗ), ಪೆಡಲಿನ ಸೆನ್ಸರ್, ಮೀಟರ್ ಬೋರ್ಡ್ ಎಲ್ಲ ಒಂದಕ್ಕೊಂದು ಮಾತಾಡ್ತಾ ಇರ್ಬೇಕು, ಒಂದು ತಪ್ಪಿದ್ರೂ ಎಂಜಿನ್ ಹತ್ತೋದಿಲ್ಲ. ಅಮೆರಿಕದಲ್ಲಿ ಪೆಟ್ರೋಲ್ ಪಿಕಪ್ಪಿಗೆ ಡೀಸೆಲ್ ಹಾಕುವ ಹುಚ್ಚು ದೊಡ್ಡದು, ಅಲ್ಲಿಯೂ ಜನ ಹುಡುಕೋದು ಹಳೇ ಯಾಂತ್ರಿಕ ಪಂಪಿನ ಕಮ್ಮಿನ್ಸ್ 4ಬಿಟಿಯನ್ನೇ, 3.9 ಲೀಟರಿನ ನಾಲ್ಕು ಸಿಲಿಂಡರ್, ಬ್ರೆಡ್ ಹಂಚುವ ವ್ಯಾನುಗಳಿಂದ ಇಳಿಸಿದ್ದು. ಒಂದೆರಡು ವೈರ್ ಕೊಟ್ರೆ ಓಡ್ತದೆ ಅಂತ. ಆ ಎಂಜಿನ್ ಒಂದೇ 340 ಕಿಲೋ ಹತ್ರ ತೂಗ್ತದೆ. ಅಲ್ಲಿ ಫೋರ್ಡಿಗೆ, ಶೆವರ್ಲೆಗೆ ಅಂತ ಅಡಾಪ್ಟರ್ ಪ್ಲೇಟ್ ರೆಡಿಮೇಡ್ ಸಿಗ್ತದೆ, ನಮಗೆ ಲೇತೇ ಗತಿ.

ಕೊನೆಗೆ ದುಡ್ಡು. ದರ ಬದಲಾಗ್ತಾ ಇರ್ತದೆ, ತಲಪಾಡಿ ದಾಟಿದ್ರೆ ಬೇರೆ, ಈಚೆ ಬೇರೆ. ಲೆಕ್ಕಕ್ಕೆ ಪೆಟ್ರೋಲ್ 105, ಡೀಸೆಲ್ 95 ಇಟ್ಕೊಳ್ಳಿ, ಪೆಟ್ರೋಲ್ ಜೀಪು ಲೀಟರಿಗೆ 7, ಡೀಸೆಲ್ 12 ಕಿಲೋಮೀಟರ್ ಕೊಡ್ತದೆ ಅಂತ ಇಟ್ಕೊಳ್ಳಿ. ವರ್ಷಕ್ಕೆ 5,000 ಕಿಲೋಮೀಟರ್ ಓಡಿಸಿದ್ರೆ ಪೆಟ್ರೋಲಿಗೆ 75,000, ಡೀಸೆಲ್ಲಿಗೆ 39,600 ರೂಪಾಯಿ ಹತ್ರ, ಉಳಿಯೋದು 35,000 ಚಿಲ್ಲರೆ. ಎಲ್ಲ ಸೇರಿ ಒಂದೂವರೆ ಲಕ್ಷ ಹಾಕಿದ್ರೆ ನಾಲ್ಕು ವರ್ಷದ ಮೇಲೆ ಸ್ವಲ್ಪದಲ್ಲಿ ವಾಪಸ್ ಬರ್ತದೆ. ಅದೇ ತೋಟದೊಳಗೆ ವರ್ಷಕ್ಕೆ 1,500 ಕಿಲೋಮೀಟರ್ ಮಾತ್ರ ಓಡುವ ಜೀಪಾದ್ರೆ ಉಳಿಯೋದು ಹತ್ತು ಸಾವಿರದ ಮೇಲೆ ಸ್ವಲ್ಪ, ಹದಿನಾಲ್ಕು ವರ್ಷ ಬೇಕು. ಅಂಥವರು ಕಾರ್ಬೊರೇಟರ್ ಸರಿ ಮಾಡಿಸಿ, ಟೈಮಿಂಗ್ ಇಟ್ಟು, ಬ್ರೇಕ್ ಹಿಡಿದುಕೊಂಡಿದ್ರೆ ಬಿಡಿಸಿ ಪೆಟ್ರೋಲಿನಲ್ಲೇ ಓಡಿಸೋದು ಬುದ್ಧಿವಂತಿಕೆ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಪೆಟ್ರೋಲ್ ಸಿಜೆ ಹುಡುಕಿಕೊಂಡು ಬರುವವರೂ ಈಗ ಇದ್ದಾರೆ.

ಮೊದಲೇ ಬದಲಿಸಿದ ಗಾಡಿ ತಗೊಳ್ಳುವವರು ಆರ್‌ಸಿಯಲ್ಲಿ ಇಂಧನ ಡೀಸೆಲ್ ಅಂತ ಉಂಟಾ, ಎಂಜಿನ್ ನಂಬರ್ ಬ್ಲಾಕಿನ ಮೇಲಿನದ್ದೇ ಹೌದಾ ನೋಡಿ, ಪುಸ್ತಕದಲ್ಲಿ ಮಾತ್ರ ಅಲ್ಲ, ವಾಹನ್ (ಗಾಡಿಗಳ ಸರಕಾರಿ ದಾಖಲೆ) ಆನ್‌ಲೈನಿನಲ್ಲೂ ಹಾಗೇ ಬರ್ತದಾ ನೋಡಿ. ಹಳೇ ಕೈಬರಹದ ಪುಸ್ತಕದಲ್ಲಿ ಡೀಸೆಲ್ ಅಂತ ಇದ್ದು ಕಂಪ್ಯೂಟರಿಗೆ ಏರಿಸುವಾಗ ಪೆಟ್ರೋಲ್ ಅಂತಲೇ ಉಳಿದ ಗಾಡಿ ಸಿಕ್ಕಿದ್ರೆ ಹೊಗೆ ಟೆಸ್ಟಿನಲ್ಲೇ ತಕರಾರು ಶುರು ಆಗ್ತದೆ. ಪೆಟ್ರೋಲಿಗೆ ಮಾಡುವ ಟೆಸ್ಟ್ ಕಾರ್ಬನ್ ಮೊನಾಕ್ಸೈಡ್ ಮತ್ತೆ ಹೈಡ್ರೋಕಾರ್ಬನಿಂದು, ಡೀಸೆಲ್ಲಿಗೆ ಆಕ್ಸಿಲರೇಟರ್ ಪೂರ್ತಿ ತುಳಿದು ಹೊಗೆ ಎಷ್ಟು ಕಪ್ಪು ಅಂತ ಅಳೆಯೋದು, ಬಿಎಸ್ 4ಕ್ಕಿಂತ ಹಳೇ ಡೀಸೆಲ್ಲಿಗೆ 65 ಹಾರ್ಟ್‌ರಿಜ್ ಯೂನಿಟ್ ಮಿತಿ. ಕಂಪ್ಯೂಟರ್ ಪೆಟ್ರೋಲ್ ಅಂತ ತೋರಿಸಿದ್ರೆ ಅಲ್ಲಿನವನು ಡೀಸೆಲ್ ಟೆಸ್ಟ್ ಮಾಡಿ ಕೊಡ್ಲಿಕ್ಕೆ ಆಗೋದಿಲ್ಲ. ಅಂಥ ಗಾಡಿ ಆದ್ರೆ ಆ ದಾಖಲೆ ಸರಿ ಮಾಡಿಸಿ ಕೊಡುವ ಕೆಲಸ ಮಾರುವವರದ್ದೇ ಅಂತ ಮೊದಲೇ ಹೇಳಿ, ಅದು ಆಗುವವರೆಗೆ ಅಡ್ವಾನ್ಸ್ ಕೊಡ್ಬೇಡಿ.